ಕಾಯಕ ಜಾತಕವಲ್ಲ

ಪಿಯುಸಿ ಫಲಿತಾಂಶ ಬಂತೆಂದರೆ ವೃತ್ತಿ ಮಾರ್ಗದರ್ಶನದ ಭಾಷಣಗಳ ಸುಗ್ಗಿ. ಮಮದಾಪುರದಿಂದಲೋ ತಿಕೋಟಾದಿಂದಲೋ ಮಗಳನ್ನು ಕರಕೊಂಡು ವಿಜಯಪುರಕ್ಕೆ ಬಂದ ರೈತನಿಗೆ ವೇದಿಕೆಯಿಂದ ಸಿಗುವ ಉಪದೇಶ ಇಷ್ಟೇ: ‘ಸ್ವಧರ್ಮ ಬಿಡಬೇಡಿ, ಕಾಯಕ ಮಾಡಿ.’ ಬಸವಣ್ಣ ಹುಟ್ಟಿದ ಜಿಲ್ಲೆಯಲ್ಲೇ ಈ ಎರಡನ್ನೂ ಒಂದೇ ಗಂಟಿಗೆ ಕಟ್ಟುತ್ತಾರಲ್ಲ, ತಕರಾರು ಇರುವುದು ಅಲ್ಲಿ.

ಪರಧರ್ಮವನ್ನು ಚೆನ್ನಾಗಿ ಮಾಡುವುದಕ್ಕಿಂತ ಸ್ವಧರ್ಮವನ್ನು ಅರೆಕೊರೆಯಾಗಿ ಮಾಡುವುದೇ ಲೇಸೆಂದು ಗೀತೆ ಹೇಳುತ್ತದೆ. ಇಲ್ಲಿ ಧರ್ಮವೆಂದರೆ ಸ್ವಭಾವ ಎನ್ನುವವರಿದ್ದಾರೆ. ಇರಲಿ, ಆ ಸ್ವಭಾವವನ್ನು ನಾಲ್ಕು ವರ್ಣಗಳಿಗೆ ಹಂಚಿಕೊಡುವುದೂ ಗೀತೆಯ 18ನೇ ಅಧ್ಯಾಯವೇ. ಕೆಲಸ ಮೊದಲೇ ಗೊತ್ತಾಗಿದೆ, ಮನುಷ್ಯ ಹೊಂದಿಕೊಳ್ಳಬೇಕು.

ಪ್ಲೇಟೋನದೂ ಇದೇ ಹಾದಿ. ಕೆಲವರಲ್ಲಿ ಚಿನ್ನ, ಕೆಲವರಲ್ಲಿ ಬೆಳ್ಳಿ, ಉಳಿದವರಲ್ಲಿ ಕಬ್ಬಿಣ, ಕಂಚು ಬೆರೆತಿದೆಯೆಂದು ಪ್ರಜೆಗಳನ್ನು ನಂಬಿಸಬೇಕು ಎನ್ನುತ್ತಾನೆ. ಅದು ಸುಳ್ಳೆಂದು ಒಪ್ಪಿಕೊಂಡೇ ಹೇಳುತ್ತಾನೆ. ಕಬ್ಬಿಣದವನಿಗೆ ಚಿನ್ನದ ಮಗ ಹುಟ್ಟಬಹುದು ಎಂಬ ರಿಯಾಯಿತಿಯೂ ಉಂಟು. ಆದರೆ ಒರೆಗಲ್ಲು ಆಳುವವರ ಕೈಯಲ್ಲಿ. ಒಂದು ಗಂಟೆಯ ಆಪ್ಟಿಟ್ಯೂಡ್ ಟೆಸ್ಟ್ ನಡೆಸಿ ‘ನಿನಗೆ ಕಾಮರ್ಸ್ ಸಾಕು’ ಎನ್ನುವವರು ಪ್ಲೇಟೋನ ಮೊಮ್ಮಕ್ಕಳು.

ಕಾಯಕದ ಪ್ರಶ್ನೆಯೇ ಬೇರೆ. ಬಸವಣ್ಣನ ಕಾಲದ ಶರಣ ಆಯ್ದಕ್ಕಿ ಮಾರಯ್ಯನ ಕತೆ ನೋಡಿ. ಬಿದ್ದ ಅಕ್ಕಿ ಆಯುವುದು ಅವನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಹೆಂಡತಿ ಲಕ್ಕಮ್ಮ ಹಿಗ್ಗಲಿಲ್ಲ. ಹೆಚ್ಚಿನದನ್ನು ತಂದಲ್ಲೇ ಸುರಿದು ಬಾ ಎಂದಳು. ಅಕ್ಕಿ ಆಯುವುದು ಗಂಡನ ಜಾತಿಗೆ ತಕ್ಕದ್ದೇ, ಗುಣಕ್ಕೆ ತಕ್ಕದ್ದೇ ಎಂದು ಆಕೆ ಕೇಳಲಿಲ್ಲ. ದುಡಿಮೆ ಎಲ್ಲಿಂದ ಬಂತು, ಎಷ್ಟು ಬೇಕಿತ್ತು ಎಂಬುದಷ್ಟೇ ಆಕೆಯ ಲೆಕ್ಕ. ಇನ್ನು ಮೋಳಿಗೆಯ ಮಾರಯ್ಯನಂತೂ ಕಾಶ್ಮೀರದ ಅರಸೊತ್ತಿಗೆ ಬಿಟ್ಟು ಕಲ್ಯಾಣದಲ್ಲಿ ಸೌದೆ ಮಾರಿದನೆಂದು ಪರಂಪರೆ ಹೇಳುತ್ತದೆ. ಸ್ವಧರ್ಮದ ಲೆಕ್ಕದಲ್ಲಿ ಅದು ಪತನ, ಕಾಯಕದ ಲೆಕ್ಕದಲ್ಲಿ ಬದುಕು.

ಹತ್ತಿರದ ಸಾಕ್ಷಿ ಬೇಕೆಂದರೆ ಫ.ಗು. ಹಳಕಟ್ಟಿಯವರು. 1904ರಲ್ಲಿ ಬಿಜಾಪುರಕ್ಕೆ, ಅಂದರೆ ಇಂದಿನ ವಿಜಯಪುರಕ್ಕೆ, ವಕೀಲಿಕೆಗೆಂದು ಬಂದವರು ವಚನಗಳ ಹಳೆಯ ಓಲೆಗರಿಗಳ ಬೆನ್ನು ಹತ್ತಿದರು, 1923ರಲ್ಲಿ ‘ವಚನಶಾಸ್ತ್ರ ಸಾರ’ದ ಮೊದಲ ಭಾಗ ಹೊರತಂದರು, ಮನೆ ಮಾರಿ ಮುದ್ರಣಾಲಯ ಹಾಕಿದರು. ಯಾವ ಟೆಸ್ಟೂ ಅವರಿಗೆ ಅಚ್ಚಿನ ಮೊಳೆ ಜೋಡಿಸುವ ಕೆಲಸ ಸೂಚಿಸುತ್ತಿರಲಿಲ್ಲ. ಆ ಕೆಲಸಕ್ಕಾಗಿ ಏನು ಕೊಡಲು ಸಿದ್ಧರಾದರೋ ಅದರಿಂದ ಅದು ಅವರದಾಯಿತು.

ಕಾಯಕದ ಹೆಸರಲ್ಲಿ ‘ಸಂಬಳ ಕೇಳಬೇಡ, ತಲೆ ಬಗ್ಗಿಸಿ ದುಡಿ’ ಎನ್ನುವ ಮಾಲಕರ ಮಾತನ್ನೂ ನಂಬಬೇಡಿ. ಅಗತ್ಯಕ್ಕಿಂತ ಹೆಚ್ಚಿನದನ್ನು ತಿರುಗಿಸಿಕೊಟ್ಟ ಲಕ್ಕಮ್ಮನ ನ್ಯಾಯ ಮೊದಲು ತಗಲುವುದು ಹೆಚ್ಚು ಇಟ್ಟುಕೊಂಡವನಿಗೆ.

ಆದ್ದರಿಂದ ತಂದೆತಾಯಿಗಳಲ್ಲಿ ಒಂದೇ ಬೇಡಿಕೆ: ಮಕ್ಕಳಿಗೆ ಯಾವ ಕೆಲಸ ಬರೆದಿದೆ ಎಂದು ಹುಡುಕಬೇಡಿ. ಒಂದನ್ನು ಮಾಡಿ ನೋಡಲು ಬಿಡಿ, ಒಗ್ಗದಿದ್ದರೆ ಬಿಡಲೂ ಬಿಡಿ.