ಹೇಳದೆ ಬಿಟ್ಟ ಮಾತಿನ ಹೊಣೆ

ಜಿಲ್ಲಾ ಕೇಂದ್ರಗಳಲ್ಲಿ ಅಚ್ಚಾಗುವ ಕನ್ನಡ ದಿನಪತ್ರಿಕೆಗಳ ಒಳಪುಟದಲ್ಲಿ, ಶ್ರದ್ಧಾಂಜಲಿಯ ಭಾವಚಿತ್ರಗಳಿಗೂ ಹೆಸರು ಬದಲಾವಣೆಯ ಪ್ರಕಟಣೆಗಳಿಗೂ ನಡುವೆ, ಮೂರು ನಾಲ್ಕು ಸಾಲಿನ ಕಿರು ಜಾಹೀರಾತುಗಳ ಅಂಕಣವೊಂದು ಇರುತ್ತದೆ. ಕೆಲಸಕ್ಕೆ ಹುಡುಗರು ಬೇಕಾಗಿದ್ದಾರೆ, ಮನೆ ಬಾಡಿಗೆಗಿದೆ, ಸುಸ್ಥಿತಿಯಲ್ಲಿರುವ ಬೈಕು ಮಾರಾಟಕ್ಕಿದೆ ಎಂಬಂಥ ಒಕ್ಕಣೆಗಳಿಗೆ ಪದಕ್ಕೋ ಸಾಲಿಗೋ ಇಷ್ಟೆಂದು ದರವಿರುವುದರಿಂದ, ಅವನ್ನು ಬರೆಸುವವನು ಏನು ಹೇಳಬೇಕೆಂಬುದಕ್ಕಿಂತ ಏನನ್ನು ಬಿಡಬಹುದೆಂಬುದನ್ನೇ ಹೆಚ್ಚು ಯೋಚಿಸುತ್ತಾನೆ. ಬೈಕಿನ ಮಾಡೆಲ್ ಯಾವ ವರ್ಷದ್ದೆಂದು ಇರುತ್ತದೆ, ಇಂಜಿನ್ ಒಮ್ಮೆ ಬಿಚ್ಚಿಸಿದ ಸಂಗತಿ ಇರುವುದಿಲ್ಲ. ಮನೆಗೆ ಬೋರ್‌ವೆಲ್ ನೀರಿದೆ ಎಂದಿರುತ್ತದೆ, ಏಪ್ರಿಲ್ ಬಂತೆಂದರೆ ಅದು ಬತ್ತುತ್ತದೆ ಎಂದಿರುವುದಿಲ್ಲ. ಅಚ್ಚಾದ ಪದಗಳಲ್ಲಿ ಒಂದೂ ಸುಳ್ಳಲ್ಲದಿದ್ದರೂ ಓದಿದವನ ಮನಸ್ಸಿನಲ್ಲಿ ಮೂಡಿದ ತಿಳುವಳಿಕೆ ಸುಳ್ಳಾಗಿದ್ದರೆ ಅಲ್ಲಿ ಸತ್ಯಕ್ಕೆ ಭಂಗ ಬಂದಿತೇ ಇಲ್ಲವೇ ಎಂಬುದು ಮೇಲ್ನೋಟಕ್ಕೆ ವ್ಯಾಪಾರದ ಪ್ರಶ್ನೆಯಂತೆ ಕಂಡರೂ, ಹಲವು ಧರ್ಮಗಳ ಚಿಂತಕರು ಕುದುರೆ, ಮನೆ, ಧಾನ್ಯದ ರಾಶಿಗಳ ಉದಾಹರಣೆ ಹಿಡಿದು ಶತಮಾನಗಳ ಕಾಲ ತರ್ಕಿಸಿದ ಪ್ರಶ್ನೆ ಅದು.

ಸತ್ಯವೆಂದರೆ ಇದ್ದದ್ದನ್ನು ಇದ್ದಂತೆ ಹೇಳುವುದು ಎಂಬ ವಾಡಿಕೆಯ ವಿವರಣೆ ಇಲ್ಲಿ ಸಾಲದು, ಏಕೆಂದರೆ ಅದು ಮಾತನ್ನೂ ವಸ್ತುವನ್ನೂ ಮಾತ್ರ ನೋಡುತ್ತದೆ, ಕೇಳುವವನನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಪತಂಜಲಿಯ ಯೋಗಸೂತ್ರದ ಎರಡನೆಯ ಪಾದದ 30ನೆಯ ಸೂತ್ರವು ಅಹಿಂಸೆ, ಸತ್ಯ, ಅಸ್ತೇಯ, ಬ್ರಹ್ಮಚರ್ಯ, ಅಪರಿಗ್ರಹ ಎಂಬ ಐದು ಯಮಗಳನ್ನು, ಅಂದರೆ ಸಾಧಕನು ಮೊಟ್ಟಮೊದಲು ಪಾಲಿಸಬೇಕಾದ ಸಂಯಮಗಳನ್ನು, ಹೆಸರಿಸಿ ಸುಮ್ಮನಾಗುತ್ತದೆ; ಅದನ್ನು ಬಿಡಿಸಿ ಹೇಳುವ ವ್ಯಾಸಭಾಷ್ಯವು ಸತ್ಯದ ತೂಕವನ್ನು ಕೇಳುವವನ ಕಡೆಗೆ ಜರುಗಿಸುತ್ತದೆ. ಒಬ್ಬನ ಅರಿವು ಇನ್ನೊಬ್ಬನಿಗೆ ದಾಟಲೆಂದೇ ಮಾತು ಇರುವುದರಿಂದ, ಅದು ವಂಚಿಸುವಂಥದ್ದೂ ತಪ್ಪು ತಿಳಿವಿನಿಂದ ಹುಟ್ಟಿದ್ದೂ ಕೇಳಿದವನಲ್ಲಿ ಯಾವ ಅರಿವನ್ನೂ ಹುಟ್ಟಿಸದ್ದೂ ಆಗಿರಬಾರದು, ಅಷ್ಟೇ ಅಲ್ಲದೆ ಅದು ಜೀವಿಗಳಿಗೆ ಹಿತವಾಗಬೇಕೇ ಹೊರತು ಕೇಡಾಗಬಾರದು ಎಂಬುದು ಅಲ್ಲಿಯ ನಿಲುವು. ಈ ಭಾಷ್ಯಕ್ಕೆ ಟೀಕೆ ಬರೆದ ವಾಚಸ್ಪತಿ ಮಿಶ್ರನು ವಂಚನೆಯ ಮಾತಿಗೆ ಕೊಡುವ ಉದಾಹರಣೆ ಸುಳ್ಳುಗಾರನದ್ದಲ್ಲ, ಧರ್ಮರಾಯನದ್ದು: ಅಶ್ವತ್ಥಾಮನೆಂಬ ಆನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ದ್ರೋಣರಿಗೆ ಕೊಟ್ಟ ಆ ಉತ್ತರದಲ್ಲಿ ಪದಗಳು ನಿಜ, ದ್ರೋಣರಲ್ಲಿ ಹುಟ್ಟಿದ ಅರಿವು ಮಾತ್ರ ಸುಳ್ಳು. ಈ ಅಳತೆಗೋಲಿನಿಂದ ನೋಡಿದರೆ ಏಪ್ರಿಲ್ಲಿನ ಬೋರ್‌ವೆಲ್ಲಿನ ಬಗ್ಗೆ ಸುಮ್ಮನಿದ್ದ ಮನೆ ಯಜಮಾನನು ಧರ್ಮರಾಯನ ಸಾಲಿನಲ್ಲಿಯೇ ನಿಲ್ಲುತ್ತಾನೆ, ಅದೂ ಯುದ್ಧದ ಒತ್ತಡವೇನೂ ಇಲ್ಲದೆ.

ಆದರೆ ಸಾಧಕನಿಗೆ ಹಾಕಿದ ಕಟ್ಟನ್ನು ಸಂತೆಗೆ ಹಾಕಲು ಬರುತ್ತದೆಯೇ? ಧರ್ಮಶಾಸ್ತ್ರಕಾರರು ಇದಕ್ಕೆ ಬೇರೆ ದಾರಿಯಿಂದ ಬರುತ್ತಾರೆ. ಮನುಸ್ಮೃತಿಯ ಎಂಟನೆಯ ಅಧ್ಯಾಯವು ಬೆರಕೆ ಮಾಡಿದ್ದನ್ನೂ ಸತ್ತ್ವವಿಲ್ಲದ್ದನ್ನೂ ಅಳತೆಯಲ್ಲಿ ಕೊರತೆಯಾದದ್ದನ್ನೂ ಮಾರಬಾರದೆಂದು ಹೇಳಿ, ಅದೇ ಉಸಿರಿನಲ್ಲಿ ದೂರದಲ್ಲಿರುವುದನ್ನೂ ಮುಚ್ಚಿಟ್ಟದ್ದನ್ನೂ ಮಾರಬಾರದೆನ್ನುತ್ತದೆ. ಎಂದರೆ ಕಣ್ಣಿಗೆ ಬೀಳದ ವಸ್ತುವಿನ ಮಾರಾಟವನ್ನು ಅದು ಕಲಬೆರಕೆಯ ಪಂಕ್ತಿಯಲ್ಲಿಯೇ ಕೂರಿಸುತ್ತದೆ. ಯಾಜ್ಞವಲ್ಕ್ಯ ಸ್ಮೃತಿಯ ವ್ಯವಹಾರಾಧ್ಯಾಯವು ಇನ್ನೂ ಮುಂದೆ ಹೋಗಿ ಕೊಂಡವನಿಗೆ ಪರೀಕ್ಷೆಯ ಅವಧಿಯನ್ನು ಗೊತ್ತುಮಾಡುತ್ತದೆ: ಕಬ್ಬಿಣಕ್ಕೆ 1 ದಿನ, ಕರೆಯುವ ಹಸುವಿಗೆ 3, ಹೊರೆ ಹೊರುವ ಪ್ರಾಣಿಗೆ 5, ರತ್ನಕ್ಕೆ 7, ಬಿತ್ತನೆಬೀಜಕ್ಕೆ 10. ದಾಸನಿಗೆ ಅರ್ಧ ತಿಂಗಳು, ದಾಸಿಗೆ ಒಂದು ತಿಂಗಳು ಎಂಬುದೂ ಅದೇ ಪಟ್ಟಿಯಲ್ಲಿದೆ ಎಂಬುದನ್ನು ಮರೆಮಾಚಿ ಸ್ಮೃತಿಗಳ ಗ್ರಾಹಕಪ್ರೀತಿಯನ್ನು ಹೊಗಳುವುದು ಕೂಡ ಈ ಲೇಖನ ಚರ್ಚಿಸುತ್ತಿರುವ ಬಗೆಯ ಮೌನವೇ ಆದೀತು. ಈ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ವಿಜ್ಞಾನೇಶ್ವರನು ಬರೆದದ್ದು ಕಲ್ಯಾಣದಲ್ಲಿ, ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯ ಕಾಲದಲ್ಲಿ. ಹಾಲು ಎಷ್ಟು ಕೊಡುತ್ತದೆಂದು ಮಾರುವವನು ಬಾಯಿಬಿಟ್ಟು ಹೇಳಲೇಬೇಕೆಂದು ಸ್ಮೃತಿಕಾರನು ಒತ್ತಾಯಿಸುವುದಿಲ್ಲ. ಮೂರು ದಿನ ಕರೆದು ನೋಡಲು ಬಿಡು, ಸರಿಬಾರದಿದ್ದರೆ ಮರಳಿ ಪಡೆ ಎನ್ನುತ್ತಾನೆ. ಮೌನಕ್ಕೆ ಅನುಮತಿಯಿದೆ, ಆದರೆ ಅದಕ್ಕೆ ಬೆಲೆಯಾಗಿ ಪರೀಕ್ಷೆಯ ಕಾಲವನ್ನು ಕೊಡಬೇಕು.

ರೋಮಿನ ಸಿಸೆರೊ ಕ್ರಿ.ಪೂ. 44ರಲ್ಲಿ ಬರೆದ ಕರ್ತವ್ಯಗಳ ಕುರಿತ ಗ್ರಂಥದ ಮೂರನೆಯ ಭಾಗದಲ್ಲಿ ಮನೆ ಮಾರುವವನೊಬ್ಬನ ಉದಾಹರಣೆಯಿದೆ. ಕೋಣೆಗಳಲ್ಲೆಲ್ಲ ಹುಳುಹುಪ್ಪಟೆ, ಮರಮುಟ್ಟು ಲಡ್ಡು, ಇದು ಯಜಮಾನನೊಬ್ಬನಿಗೆ ಬಿಟ್ಟು ಯಾರಿಗೂ ಗೊತ್ತಿಲ್ಲ, ಅವನು ಹೇಳಬೇಕೇ? ಸ್ಟೋಯಿಕ್ ಪಂಥದ ಇಬ್ಬರು ತತ್ತ್ವಜ್ಞರು ಇಲ್ಲಿ ಎದುರುಬದುರಾಗುತ್ತಾರೆ. ಹೇಳದಿರುವುದು ಬೇರೆ, ಮುಚ್ಚಿಡುವುದು ಬೇರೆ, ಕೊಳ್ಳೆಂದು ಯಾರನ್ನೂ ಬಲವಂತ ಮಾಡಿಲ್ಲ, ರೋಗ ಹಿಡಿಸುವ ಮನೆ ಮಾರಾಟಕ್ಕಿದೆ ಎಂದು ಡಂಗುರ ಹೊಡೆಸುವ ಮೂರ್ಖನೂ ಉಂಟೇ ಎನ್ನುತ್ತಾನೆ ಡಯೋಜಿನಿಸ್. ಅವನ ಶಿಷ್ಯ ಆಂಟಿಪೇಟರನು, ದಾರಿ ತಪ್ಪಿದವನಿಗೆ ದಾರಿ ತೋರಿಸದಿರುವುದಕ್ಕಿಂತ ಇದು ಕೀಳು, ಏಕೆಂದರೆ ಇಲ್ಲಿ ಗೊತ್ತಿದ್ದೂ ದಾರಿ ತಪ್ಪಿಸಲಾಗುತ್ತಿದೆ ಎನ್ನುತ್ತಾನೆ. ಸಿಸೆರೊನ ತೀರ್ಪು ಶಿಷ್ಯನ ಪರ: ಸುಮ್ಮನಿರುವುದೆಲ್ಲ ಮುಚ್ಚಿಡುವುದಲ್ಲ, ಆದರೆ ತಿಳಿದರೆ ಇನ್ನೊಬ್ಬನಿಗೆ ಲಾಭವಾಗುವ ಸಂಗತಿಯನ್ನು ತನ್ನ ಲಾಭಕ್ಕಾಗಿ ಅವನಿಗೆ ತಿಳಿಯದಂತೆ ಇಡುವುದು ಮುಚ್ಚಿಡುವುದೇ.

ಭಾರತದ ಇಂದಿನ ಕಾನೂನು ಈ ಗುರುಶಿಷ್ಯರಲ್ಲಿ ಒಬ್ಬೊಬ್ಬರಿಗೂ ಒಂದೊಂದು ಕಾಯ್ದೆಯನ್ನು ಕೊಟ್ಟಿರುವಂತಿದೆ. 1872ರ ಕರಾರು ಕಾಯ್ದೆಯ 17ನೆಯ ಕಲಮಿನ ಪ್ರಕಾರ ಬರಿಯ ಮೌನ ವಂಚನೆಯಲ್ಲ, ಮತ್ತು ಕಾಯ್ದೆಯೇ ಕೊಡುವ ಉದಾಹರಣೆಯಲ್ಲಿ ರೋಗವಿದೆಯೆಂದು ಗೊತ್ತಿದ್ದ ಕುದುರೆಯನ್ನು ಏನೂ ಹೇಳದೆ ಹರಾಜಿನಲ್ಲಿ ಮಾರಿದವನು ತಪ್ಪಿತಸ್ಥನಾಗುವುದಿಲ್ಲ. ಆದರೆ ಕೊಳ್ಳುವವಳು ಆಗತಾನೆ ಪ್ರಾಯಕ್ಕೆ ಬಂದ ಅವನ ಮಗಳಾಗಿದ್ದರೆ ಅದೇ ಮೌನ ವಂಚನೆ. ನೀನು ಅಲ್ಲವೆನ್ನದಿದ್ದರೆ ಕುದುರೆ ಸರಿಯಾಗಿದೆ ಎಂದುಕೊಳ್ಳುತ್ತೇನೆ ಎಂದು ಕೊಳ್ಳುವವನು ಹೇಳಿದ ಮೇಲೆ ಮಾರುವವನು ಸುಮ್ಮನಿದ್ದರೆ ಆ ಮೌನವೇ ಮಾತು. ಹತ್ತು ವರ್ಷಗಳ ನಂತರದ 1882ರ ಸ್ವತ್ತು ವರ್ಗಾವಣೆ ಕಾಯ್ದೆಯಾದರೋ, ಬೇರೆ ಒಪ್ಪಂದವಿಲ್ಲದ ಪಕ್ಷದಲ್ಲಿ, ಸಾಮಾನ್ಯ ಎಚ್ಚರದಿಂದ ನೋಡಿದರೂ ಕಾಣದ ದೊಡ್ಡ ದೋಷಗಳನ್ನು ಮನೆ ಮಾರುವವನು ತಾನಾಗಿಯೇ ಹೇಳಬೇಕೆಂದು 55ನೆಯ ಕಲಮಿನಲ್ಲಿಯೂ, ಬಾಡಿಗೆಗೆ ಕೊಡುವವನ ಮೇಲೆ ಇಂಥದೇ ಹೊಣೆಯನ್ನು 108ನೆಯ ಕಲಮಿನಲ್ಲಿಯೂ ಹೊರಿಸುತ್ತದೆ. ಒಂದೇ ಅಂಕಣದಲ್ಲಿ ಮೇಲೆ ಕೆಳಗೆ ಅಚ್ಚಾದ ಎರಡು ಜಾಹೀರಾತುಗಳಲ್ಲಿ ಬೈಕಿನದಕ್ಕೆ ಡಯೋಜಿನಿಸನ ನ್ಯಾಯ, ಮನೆಯದಕ್ಕೆ ಆಂಟಿಪೇಟರನ ನ್ಯಾಯ. ವ್ಯವಹಾರಕ್ಕೆ ಇದು ಅನುಕೂಲವಾಗಿರಬಹುದು. ಸತ್ಯವು ಸ್ಥಿರವಸ್ತುವಿಗೊಂದು ಚರವಸ್ತುವಿಗೊಂದು ಆಗುವುದು ಹೇಗೆಂಬುದಕ್ಕೆ ಕಾಯ್ದೆಯಲ್ಲಿ ಉತ್ತರವಿಲ್ಲ.

ಮಾರುವವನ ಮೌನವನ್ನು ಇಸ್ಲಾಮಿನ ಪರಂಪರೆಯೂ ಮುಟ್ಟುತ್ತದೆ. ಪ್ರವಾದಿಯವರು ಸಂತೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಯಿಟ್ಟು, ಒಳಗೆ ತೇವ ಕಂಡು, ಮಳೆಗೆ ನೆನೆದದ್ದನ್ನು ಜನ ನೋಡುವಂತೆ ಮೇಲೇಕೆ ಇಡಲಿಲ್ಲವೆಂದು ಕೇಳಿದ ಪ್ರಸಂಗ ಹದೀಸ್‌ಗಳಲ್ಲಿ, ಅಂದರೆ ಅವರ ನಡೆನುಡಿಗಳ ಸಂಗ್ರಹದಲ್ಲಿ, ಪ್ರಸಿದ್ಧವಾಗಿದೆ. ಆ ವ್ಯಾಪಾರಿ ಒಂದು ಸುಳ್ಳನ್ನೂ ಆಡಿರಲಿಲ್ಲ ಎಂಬುದೇ ಇಲ್ಲಿ ಗಮನಿಸಬೇಕಾದದ್ದು. ಆದರೆ ಜಾಹೀರಾತಿಗೆ ನೇರವಾಗಿ ತಾಗುವ ಮಾತನ್ನು ಆಡಿದವನು 13ನೆಯ ಶತಮಾನದ ಕ್ರೈಸ್ತ ಚಿಂತಕ ಥಾಮಸ್ ಅಕ್ವಿನಾಸ್. ಮಾರುವವನು ದೋಷವನ್ನು ಹೇಳಲೇಬೇಕಾದರೆ ಡಂಗುರದವನೂ ಅದನ್ನೇ ಸಾರಬೇಕಾದೀತು, ಆಗ ಕೊಳ್ಳುವವರೇ ಬರಲಾರರು ಎಂಬ ಆಕ್ಷೇಪವನ್ನು ಅವನು ಎತ್ತಿಕೊಂಡು ಹೀಗೆ ಬಿಡಿಸುತ್ತಾನೆ: ದೋಷವನ್ನು ಊರಿಗೆಲ್ಲ ಸಾರಬೇಕಾಗಿಲ್ಲ, ಏಕೆಂದರೆ ವಸ್ತುವಿನ ಉಳಿದ ಗುಣಗಳು ತಿಳಿಯುವ ಮೊದಲೇ ಜನ ಹಿಂಜರಿಯುತ್ತಾರೆ, ಆದರೆ ಕೊಳ್ಳಲೆಂದು ಬಂದ ಒಬ್ಬೊಬ್ಬರಿಗೂ ಖಾಸಗಿಯಾಗಿ ಹೇಳಲೇಬೇಕು, ಆಗ ಅವರು ಗುಣದೋಷಗಳನ್ನು ಒಟ್ಟಿಗೆ ತೂಗಿ ನೋಡಬಲ್ಲರು. ಒಕ್ಕಣ್ಣಿನ ಕುದುರೆಯಂತೆ ದೋಷ ಎದ್ದು ಕಾಣುವಂತಿದ್ದು ಬೆಲೆಯೂ ಅದಕ್ಕೆ ತಕ್ಕಂತೆ ಇಳಿದಿದ್ದರೆ ಹೇಳುವ ಕಟ್ಟುಪಾಡೂ ಇಲ್ಲ. ಸಾರುವ ಮಾತಿಗೂ ಎದುರು ಕುಳಿತು ಆಡುವ ಮಾತಿಗೂ ಇರುವ ಈ ಭೇದವನ್ನು ಒಪ್ಪಿದರೆ ಕಿರು ಜಾಹೀರಾತಿನ ಧರ್ಮ ಅದರ ಕೊನೆಯ ಪದದಲ್ಲಿದೆ, ಅಂದರೆ ಫೋನ್ ನಂಬರಿನಲ್ಲಿದೆ. ಜಾಹೀರಾತು ಬಾ ಎಂಬ ಕರೆ ಮಾತ್ರ, ಸತ್ಯದ ಪೂರ್ತಿ ಹೊಣೆ ಶುರುವಾಗುವುದು ಆ ಕಡೆಯಿಂದ ಫೋನ್ ಬಂದ ಮೇಲೆ. ಯಾಜ್ಞವಲ್ಕ್ಯನ ಪರೀಕ್ಷೆಯ ದಿನಗಳ ಹಿಂದೆ ಇರುವ ತರ್ಕವೂ ಇದಕ್ಕೆ ದೂರವಲ್ಲ.

ಈ ಪರಿಹಾರ ಹಳೆಯ ಬೈಕಿಗೆ ಸರಿಹೊಂದುತ್ತದೆ, ಬಾಡಿಗೆ ಮನೆಗೆ ಹೊಂದುವುದಿಲ್ಲ. ಮೀಮಾಂಸಕರು, ಅಂದರೆ ವೇದವಾಕ್ಯಗಳ ಅರ್ಥನಿರ್ಣಯಕ್ಕೆ ನಿಯಮಗಳನ್ನು ಕಟ್ಟಿದ ದಾರ್ಶನಿಕರು, ವಾಕ್ಯದಲ್ಲಿ ಬಿಟ್ಟುಹೋದದ್ದನ್ನು ಕೇಳುವವನು ತುಂಬಿಕೊಳ್ಳುವುದನ್ನು ಅಧ್ಯಾಹಾರ ಎಂದು ಕರೆಯುತ್ತಾರೆ: ಬಾಗಿಲು ಎಂದಷ್ಟೇ ಅಂದರೆ ಮುಚ್ಚು ಎಂಬುದನ್ನು ಕೇಳಿದವನು ಸೇರಿಸಿಕೊಳ್ಳುತ್ತಾನೆ. ಹೀಗೆ ಸೇರಿಸಿಕೊಳ್ಳುವುದು ಪದವನ್ನೋ ನೇರವಾಗಿ ಅರ್ಥವನ್ನೋ ಎಂಬುದರಲ್ಲಿ ಕುಮಾರಿಲ ಭಟ್ಟನ ಪಂಥಕ್ಕೂ ಪ್ರಭಾಕರನ ಪಂಥಕ್ಕೂ ಜಗಳವಿದೆ. ಭಾಟ್ಟರು ಪದವೆನ್ನುತ್ತಾರೆ, ಪ್ರಾಭಾಕರರು ಅರ್ಥವೆನ್ನುತ್ತಾರೆ. ಬಾಡಿಗೆ ಮನೆಯ ಜಾಹೀರಾತಿನಲ್ಲಿ ಸಸ್ಯಾಹಾರಿಗಳಿಗೆ ಮಾತ್ರ ಎಂಬ ಎರಡು ಪದದ ಒಕ್ಕಣೆಯನ್ನು ಓದುವ ಕನ್ನಡಿಗನಲ್ಲಿ ನಡೆಯುವುದು ಪ್ರಾಭಾಕರರು ಹೇಳಿದ್ದೇ. ಯಾವ ಜಾತಿಯ ಹೆಸರೂ ಧರ್ಮದ ಹೆಸರೂ ಅವನ ಬಾಯಿಗೆ ಬರಬೇಕಾಗಿಲ್ಲ, ಅರ್ಥ ಮಾತ್ರ ತಪ್ಪದೆ ಬಂದು ಕೂರುತ್ತದೆ. ಮಾಂಸ ಮುಟ್ಟದ ಮುಸ್ಲಿಮನಿಗೋ ದಲಿತನಿಗೋ ಆ ಮನೆ ಸಿಕ್ಕೀತೆಂದು ನಂಬುವವರು ಕಡಿಮೆ. ಇಲ್ಲಿ ಮೌನವು ಏನನ್ನೂ ಮುಚ್ಚಿಡುತ್ತಿಲ್ಲ, ಅದು ಹೇಳಬೇಕಾದದ್ದನ್ನು ಖರ್ಚಿಲ್ಲದೆ ಹೇಳುತ್ತಿದೆ. ಯಜಮಾನನ ಮನಸ್ಸಿನಲ್ಲಿರುವುದು ಓದುಗನ ಮನಸ್ಸಿಗೆ ಚಾಚೂ ತಪ್ಪದೆ ದಾಟುವುದರಿಂದ ವ್ಯಾಸಭಾಷ್ಯದ ಮೊದಲ ಷರತ್ತು ಪೂರೈಸಿದಂತೆಯೂ ಆಗುತ್ತದೆ. ಆ ಭಾಷ್ಯವು ಜೀವಿಗಳ ಹಿತವೆಂಬ ಎರಡನೆಯ ಷರತ್ತನ್ನು ಹಾಕಿ, ಕೇಡು ಮಾಡುವ ನಿಜವು ಪುಣ್ಯದಂತೆ ಕಾಣುವ ಪಾಪವೆಂದು ಎಚ್ಚರಿಸಿದ್ದು ಇಂಥ ಕಡೆಗಾಗಿಯೇ. ಫೋನಿನಲ್ಲಿ ಹೆಸರು ಕೇಳಿ ಮನೆ ಆಗಲೇ ಹೋಯಿತು ಎನ್ನುವವನಿಗಿಂತ ಇವನು ಹೆಚ್ಚು ಸತ್ಯವಂತನೆಂದು ಒಪ್ಪಬೇಕಾಗಬಹುದು, ಅಷ್ಟರಿಂದ ಒಳ್ಳೆಯವನೆಂದು ಒಪ್ಪಬೇಕಾಗಿಲ್ಲ.

ಹಳೆಯ ಸಾಮಾನಿನ ವಿಷಯದಲ್ಲಿ ಓದುಗನ ಹೊಣೆಯೂ ಇದೆ. ಒಡೆಯನಲ್ಲದವನು ಮಾರುವುದನ್ನು ಅಸ್ವಾಮಿವಿಕ್ರಯವೆಂದು ಕರೆಯುವ ಯಾಜ್ಞವಲ್ಕ್ಯ ಸ್ಮೃತಿಯು, ಅಂಥ ವಸ್ತು ಹೊಂದಿರಲು ತಕ್ಕವನಲ್ಲದವನಿಂದ, ಗುಟ್ಟಾಗಿ, ಹೊತ್ತಲ್ಲದ ಹೊತ್ತಿನಲ್ಲಿ, ತೀರ ಕಡಿಮೆ ಬೆಲೆಗೆ ಕೊಂಡವನನ್ನೂ ಕಳ್ಳನೆಂದೇ ಎಣಿಸುತ್ತದೆ. ಜೈನರ ತತ್ತ್ವಾರ್ಥಸೂತ್ರವು ಗೃಹಸ್ಥನ ವ್ರತಗಳಿಗೆ ಬರುವ ಅತಿಚಾರಗಳನ್ನು, ಅಂದರೆ ವ್ರತ ಮುರಿಯದಿದ್ದರೂ ಅದಕ್ಕೆ ಹತ್ತುವ ಕಳಂಕಗಳನ್ನು, ಎಣಿಸುವಾಗ ಕಳವಿನ ಮಾಲು ಕೊಳ್ಳುವುದನ್ನೂ ತೂಕ ಅಳತೆಯ ಮೋಸವನ್ನೂ ನಕಲಿ ಮಾಲಿನ ವ್ಯವಹಾರವನ್ನೂ ಸತ್ಯವ್ರತದಡಿ ಸೇರಿಸದೆ ಅಸ್ತೇಯದಡಿ, ಕದಿಯದಿರುವ ವ್ರತದಡಿ, ಸೇರಿಸಿದೆ. ಇದು ಸೂಕ್ಷ್ಮವಾದ ತೀರ್ಮಾನ: ವ್ಯಾಪಾರದ ಮೋಸ ಮಾತಿನ ತಪ್ಪಲ್ಲ, ಇನ್ನೊಬ್ಬನ ಗಂಟಿಗೆ ಕೈಹಾಕಿದ ತಪ್ಪು.

ಕೆಲಸದ ಜಾಹೀರಾತಿಗೆ ಬಂದರೆ ಈ ಎಲ್ಲ ಪರಿಹಾರಗಳೂ ಸೊರಗುತ್ತವೆ. ಬೈಕನ್ನು ಒಂದು ಸುತ್ತು ಓಡಿಸಿ ನೋಡಬಹುದು, ಮನೆಯ ನಲ್ಲಿ ತಿರುಗಿಸಿ ನೋಡಬಹುದು. ಯಜಮಾನ ಎಂಥವನು, ಊಟ ವಸತಿ ಉಚಿತ ಎಂದರೆ ಗೋದಾಮಿನ ಮೂಲೆಯೋ ಕೋಣೆಯೋ, ದಿನಕ್ಕೆ ಎಷ್ಟು ತಾಸು ದುಡಿಯಬೇಕು ಎಂಬುದನ್ನು ಸೇರುವ ಮೊದಲು ಪರೀಕ್ಷಿಸಲು ಆಳಿಗೆ ಯಾವ ಸ್ಮೃತಿಯೂ ದಿನಗಳನ್ನು ಗೊತ್ತುಮಾಡಿಲ್ಲ, ಪರೀಕ್ಷೆಯ ಅವಧಿ ಸಿಕ್ಕಿದ್ದು ಆಳನ್ನು ಕೊಂಡವನಿಗೆ. ಎದುರು ಕುಳಿತಾಗ ಹೇಳಿದರಾಯಿತು ಎಂಬ ಅಕ್ವಿನಾಸನ ಅನುಮತಿಯೂ ಇಲ್ಲಿ ದುಬಾರಿ, ಏಕೆಂದರೆ ಎದುರು ಕೂರುವುದಕ್ಕೆ ಬಸ್ಸಿನ ಚಾರ್ಜು ಕೊಟ್ಟು, ಒಂದು ದಿನದ ಕೂಲಿ ಬಿಟ್ಟು ಬರಬೇಕಾದವನು ಕೆಲಸ ಹುಡುಕುವವನೇ. ಯೋಗ್ಯತೆಗೆ ತಕ್ಕ ಸಂಬಳ ಎಂಬ ಒಕ್ಕಣೆಯಂತೂ ವ್ಯಾಸಭಾಷ್ಯವು ಯಾವ ಅರಿವನ್ನೂ ಹುಟ್ಟಿಸದ ಮಾತು ಎಂದದ್ದಕ್ಕೆ ಅಚ್ಚುಕಟ್ಟಾದ ನಿದರ್ಶನ. ಹಣ ಕೊಟ್ಟು ಹಾಕಿಸಿದ ಅಷ್ಟು ಪದಗಳಿಂದ ಓದುಗನಿಗೆ ತಿಳಿಯುವುದು ಸಂಬಳ ಹೇಳಲು ಇಷ್ಟವಿಲ್ಲ ಎಂಬುದೊಂದೇ.

ಆದರೂ ಈ ಒಂದು ಮೌನಕ್ಕೆ ಯಾಜ್ಞವಲ್ಕ್ಯ ಸ್ಮೃತಿಯಲ್ಲಿ ಅಂಕಿಯ ರೂಪದ ಉತ್ತರವಿದೆ. ಕೂಲಿಯನ್ನು ಗೊತ್ತುಮಾಡದೆ ಕೆಲಸ ಮಾಡಿಸಿಕೊಂಡವನಿಂದ ರಾಜನು ವ್ಯಾಪಾರದ, ಪಶುಗಳ ಇಲ್ಲವೇ ಬೆಳೆಯ ಉತ್ಪತ್ತಿಯ ಹತ್ತನೆಯ ಒಂದು ಪಾಲನ್ನು ಆಳಿಗೆ ಕೊಡಿಸಬೇಕೆಂದು ಅದು ವಿಧಿಸುತ್ತದೆ. ಎಂದರೆ ಹೇಳದೆ ಬಿಟ್ಟ ಸಂಬಳವು ಯಜಮಾನನ ಮರ್ಜಿಗೆ ಬಿಟ್ಟ ಸಂಬಳವಲ್ಲ. ಇಂದಿನ ಪತ್ರಿಕೆಗಳು ಆ ಜಾಗದಲ್ಲಿ ಮಾಡುವುದು, ಜಾಹೀರಾತುಗಳ ಸತ್ಯಾಸತ್ಯತೆಯನ್ನು ಓದುಗರೇ ಪರಿಶೀಲಿಸಿಕೊಳ್ಳಬೇಕು, ಪತ್ರಿಕೆ ಹೊಣೆಯಲ್ಲ ಎಂಬ ಟಿಪ್ಪಣಿಯನ್ನು ಅಂಕಣದ ಬುಡದಲ್ಲಿ ಸಣ್ಣ ಅಕ್ಷರದಲ್ಲಿ ಹಾಕುವುದು. ಭಾರತೀಯ ಪತ್ರಿಕಾ ಮಂಡಳಿಯ ನೀತಿಸಂಹಿತೆಯು ಜಾಹೀರಾತು ಸೇರಿದಂತೆ ಅಚ್ಚಾದದ್ದಕ್ಕೆಲ್ಲ ಸಂಪಾದಕನನ್ನೇ ಹೊಣೆ ಮಾಡಿ, ಹೊಣೆ ಒಲ್ಲೆನೆನ್ನುವುದಾದರೆ ಅದನ್ನು ಮೊದಲೇ ಸ್ಪಷ್ಟವಾಗಿ ಹೇಳಬೇಕೆನ್ನುತ್ತದೆಯಾದ್ದರಿಂದ ಈ ಟಿಪ್ಪಣಿ ನಿಯಮಬದ್ಧವೇ. ಮಾರುವವನ ಮೌನವನ್ನು ಪ್ರಶ್ನಿಸಿದಷ್ಟು ಸಾರುವವನ ಮೌನವನ್ನು ಹಳೆಯ ಚಿಂತಕರು ಪ್ರಶ್ನಿಸಲಿಲ್ಲ. ಅವರ ಕಾಲದ ಡಂಗುರದವನು ಕೂಲಿಯಾಳಾಗಿದ್ದ, ಏನನ್ನು ಸಾರಬಾರದೆಂದು ನಿರ್ಧರಿಸುವ ಅಧಿಕಾರ ಅವನಿಗಿರಲಿಲ್ಲ. ಪತ್ರಿಕೆಗೆ ಆ ಅಧಿಕಾರವಿದೆ. ಸಂಬಳದ ಅಂಕಿಯಿಲ್ಲದ ಕೆಲಸದ ಜಾಹೀರಾತನ್ನು ಕೌಂಟರಿನಲ್ಲಿಯೇ ವಾಪಸು ಮಾಡುವ ನಿಯಮವೊಂದನ್ನು ಜಿಲ್ಲಾ ಪತ್ರಿಕೆಯೊಂದು ಇಟ್ಟುಕೊಂಡರೆ, ಹಾಕಿಸುವವನಿಗೆ ಅದರಿಂದ ಹೆಚ್ಚಾಗುವುದು ಒಂದು ಪದದ ದರ.