ಮನೆಯೊ, ಬಂಡಿಯೊ?

ಅಮೆರಿಕದ ಸಂಯುಕ್ತ ಸಂಸ್ಥಾನಗಳ ಆದಾಯ ತೆರಿಗೆಯ ನಿಯಮಗಳಲ್ಲಿ ಮನೆಯೆಂಬುದಕ್ಕೆ ಒಂದು ಲಕ್ಷಣವನ್ನು ಹೇಳಿದೆ. ಮಲಗಲು ಎಡೆ, ಅಡಿಗೆಗೆ ಎಡೆ, ಶೌಚಕ್ಕೆ ಎಡೆ, ಈ ಮೂರೂ ಇದ್ದರೆ ಅದು ಮನೆ. ಅಡಿಪಾಯವಿರಬೇಕೆಂದಿಲ್ಲ, ನೆಲವನ್ನು ಕಚ್ಚಿಕೊಂಡಿರಬೇಕೆಂದೂ ಇಲ್ಲ. ಆದುದರಿಂದ ನೀರಿನ ಮೇಲೆ ತೇಲುವ ದೋಣಿಯೂ ಮನೆಯಾಗಬಹುದು, ರಸ್ತೆಯ ಮೇಲೆ ಓಡುವ ಮೋಟಾರುಮನೆಯೂ ಮನೆಯಾಗಬಹುದು. ಅದನ್ನು ಕೊಳ್ಳಲು ತಂದ ಸಾಲದ ಬಡ್ಡಿಗೆ ಮನೆಸಾಲದ ಬಡ್ಡಿಗಿರುವ ರಿಯಾಯಿತಿಯೇ ದೊರೆಯಲೂಬಹುದು.

ಅದೇ ದೇಶದ ಸರ್ವೋಚ್ಚ ನ್ಯಾಯಾಲಯವು 1985ರಲ್ಲಿ ಇದಕ್ಕೆ ವಿರುದ್ಧವೆಂದು ತೋರುವ ಮಾತನ್ನು ಹೇಳಿತು. ಕ್ಯಾಲಿಫೋರ್ನಿಯದ ಸಾನ್ ಡಿಯಾಗೊ ಪಟ್ಟಣದ ನಡುವೆ ಒಂದು ಡಾಡ್ಜ್ ಮೋಟಾರುಮನೆ ಪರದೆಗಳನ್ನೆಳೆದುಕೊಂಡು ನಿಂತಿದ್ದಿತು. ಮಾದಕ ವಸ್ತುಗಳ ಅಧಿಕಾರಿಗಳು ವಾರಂಟಿಲ್ಲದೆ ಅದರೊಳಗೆ ಕಾಲಿಟ್ಟು ಶೋಧಿಸಿದರು. ಮನೆಯಾಗಿದ್ದರೆ ವಾರಂಟಿಲ್ಲದ ಈ ಪ್ರವೇಶ ಸಲ್ಲುತ್ತಿರಲಿಲ್ಲ. ಆದರೆ ಮುಖ್ಯ ನ್ಯಾಯಾಧೀಶ ಬರ್ಗರ್ ಅವರೂ ಅವರೊಡನೆ ಐವರೂ ಇದು ಕೀಲಿ ತಿರುಗಿಸಿದೊಡನೆ ಹೊರಟುಹೋಗಬಲ್ಲ ವಾಹನ, ಆದುದರಿಂದ ವಾಹನಕ್ಕೆ ಸಲ್ಲುವ ನಿಯಮವೇ ಇದಕ್ಕೂ ಸಲ್ಲತಕ್ಕದ್ದು ಎಂದು ತೀರ್ಪಿತ್ತರು. ಮೂವರು ಒಪ್ಪಲಿಲ್ಲ. ಅವರ ಪರವಾಗಿ ಬರೆದ ಸ್ಟೀವನ್ಸ್ ಅವರು, ವಾಸಕ್ಕೆಂದೇ ಕಟ್ಟಿದ ಒಳಭಾಗಕ್ಕೆ ಮನೆಯ ಮರ್ಯಾದೆ ಸಲ್ಲಬೇಕೆಂದರು. ವಾರಂಟು ಕೊಡಬಲ್ಲ ನ್ಯಾಯಾಲಯವು ಕೆಲವೇ ಬೀದಿಗಳಾಚೆ ಇದ್ದಿತೆಂಬುದನ್ನೂ ನೆನಪಿಗೆ ತಂದರು. ಗಾಲಿಗಳನ್ನೆತ್ತಿ ದಿಮ್ಮಿಗಳ ಮೇಲಿರಿಸಿ, ನೀರು ಮತ್ತು ವಿದ್ಯುತ್ತಿನ ಸಂಪರ್ಕ ಕೊಟ್ಟಿದ್ದರೆ ಏನೆಂಬ ಪ್ರಶ್ನೆಯನ್ನು ಬಹುಮತದವರು ತೀರ್ಮಾನಿಸದೆ ಬಿಟ್ಟರು.

ಒಂದೇ ವಸ್ತು ತೆರಿಗೆಯವರ ಮುಂದೆ ಮನೆ, ಪೊಲೀಸರ ಮುಂದೆ ಬಂಡಿ. ಇದು ವಕೀಲರ ಚಮತ್ಕಾರವೆಂದು ನಕ್ಕು ಬಿಡುವಂತಿಲ್ಲ. ಮೋಟಾರುಮನೆಯನ್ನು ಕೊಂಡು ಅದರಲ್ಲಿ ಬಾಳಿದವರನ್ನು ಇದೇ ಪ್ರಶ್ನೆಯು ಬೆಳಗಿನಿಂದ ರಾತ್ರಿಯವರೆಗೆ ಕಾಡುತ್ತದೆ.

ಸಾಧಾರಣ ಕುಟುಂಬಗಳು ಆರಿಸುವುದು ಮಧ್ಯಮ ಗಾತ್ರದ್ದನ್ನು. ಲಾರಿಯ ಅಡಿಕಟ್ಟಿನ ಮೇಲೆ ನಿಲ್ಲಿಸಿದ, ಇಪ್ಪತ್ತನಾಲ್ಕರಿಂದ ಇಪ್ಪತ್ತೆಂಟು ಅಡಿ ಉದ್ದದ ಕೋಣೆಯದು. ಚಾಲಕನ ತಲೆಯ ಮೇಲೊಂದು ಹಾಸಿಗೆ. ಹಗಲು ಊಟದ ಮೇಜಾಗಿದ್ದುದು ರಾತ್ರಿ ಮಂಚವಾಗುತ್ತದೆ. ಹೊಸದಾಗಿ ಕೊಳ್ಳುವವನು ಇದನ್ನು ಮನೆಯೆಂದೇ ಭಾವಿಸಿ ಬರುತ್ತಾನೆ. ಒಲೆ ಎಷ್ಟು ಉರಿಯದು, ಕಪಾಟಿನ ಮರಕ್ಕೆ ಹೊಳಪಿದೆಯೆ, ದಿಂಬಿನ ಬಟ್ಟೆಯ ಬಣ್ಣವೇನು ಎಂದು ನೋಡುತ್ತಾನೆ. ಹತ್ತು ವರ್ಷ ಬಾಳಿದವನು ಬಂದರೆ ಮೊದಲು ಏಣಿ ಕೇಳಿ ಮಾಡಿನ ಮೇಲೆ ಹತ್ತುತ್ತಾನೆ. ಅಲ್ಲಿಯ ಸಂದುಗಳಿಗೆ ಬಳಿದ ಅಂಟು ಬಿರಿದಿದೆಯೆ ಎಂದು ಬೆರಳಿನಿಂದ ತಡವುತ್ತಾನೆ. ಕೆಳಗಿಳಿದು ಗೋಡೆಗಳನ್ನು ಅಂಗೈಯಿಂದ ಒತ್ತುತ್ತಾನೆ. ಮೆತ್ತಗಿದ್ದರೆ ಒಳಗೆ ನೀರಿಳಿದು ಹಲಗೆ ಕೊಳೆತಿದೆಯೆಂದು ಅರ್ಥ. ಬಾಗಿಲು ತೆರೆದೊಡನೆ ಮೂಗು ಮುಗ್ಗಲನ್ನು ಹುಡುಕುತ್ತದೆ. ಕೊನೆಗೆ ನೆಲಕ್ಕೆ ಬಾಗಿ ಟೈರಿನ ಪಕ್ಕದಲ್ಲಿ ಒತ್ತಿದ ನಾಲ್ಕು ಅಂಕಿಗಳನ್ನು ಓದುತ್ತಾನೆ. ಮೊದಲೆರಡು ವಾರವನ್ನೂ ಉಳಿದೆರಡು ವರ್ಷವನ್ನೂ ಹೇಳುತ್ತವೆ; ಹೆಚ್ಚು ಕಾಲ ನಿಂತೇ ಇರುವ ಬಂಡಿಯ ಟೈರು ಸವೆಯುವುದಕ್ಕಿಂತ ಮುಂಚೆ ಮುದಿಯಾಗುತ್ತದೆ.

ಈ ಪರೀಕ್ಷೆಯಲ್ಲಿ ಒಂದು ತತ್ತ್ವವಡಗಿದೆ. ನಿಂತ ಮನೆಗೆ ಮಳೆಗಾಳಿಗಳ ಪೆಟ್ಟು ಮಾತ್ರ. ಓಡುವ ಮನೆಗೆ ಅದರೊಡನೆ ದಿನದಿನದ ಭೂಕಂಪ. ತಿರುಪುಗಳು ಸಡಿಲವಾಗುತ್ತವೆ, ಸಂದುಗಳು ಬಾಯಿಬಿಡುತ್ತವೆ. ನಿಂತ ಮನೆಯ ಕೆಳಗಿನ ನೆಲವು ಕಾಲಕ್ರಮದಲ್ಲಿ ಬೆಲೆಯೇರಬಹುದು. ಇದರ ಬೆಲೆಯಾದರೊ ಅಂಗಡಿಯ ಬಾಗಿಲು ದಾಟಿದ ದಿನವೇ ಇಳಿಯತೊಡಗುತ್ತದೆ. ಲಾಭಕ್ಕೆಂದು ಕೊಂಡವನು ಬೇಗನೆ ದುಃಖಿಯಾಗುತ್ತಾನೆ. ಅನುಭವಿಗಳು ಇದನ್ನು ಆಸ್ತಿಯ ಲೆಕ್ಕದಲ್ಲಿ ಬರೆಯದೆ ಖರ್ಚಿನ ಲೆಕ್ಕದಲ್ಲಿ ಬರೆಯುತ್ತಾರೆ, ಅದು ವಿವೇಕ.

ಇನ್ನು ಬಾಳುವೆಯ ವಿಷಯ. ಪಟ್ಟಣದ ಮನೆಯಲ್ಲಿ ನೀರು ಕಾಣದೆಡೆಯಿಂದ ಬಂದು ಕಾಣದೆಡೆಗೆ ಹೋಗುತ್ತದೆ. ಇಲ್ಲಿ ಹಾಗಿಲ್ಲ. ಒಳ್ಳೆಯ ನೀರಿಗೊಂದು ತೊಟ್ಟಿ, ಅದರಲ್ಲಿ ಸುಮಾರು 150 ಲೀಟರು. ಮಿಂದು ತೊಳೆದ ನೀರಿಗೆ ಇನ್ನೊಂದು, ಶೌಚಕ್ಕೆ ಮತ್ತೊಂದು. ಮೊದಲಿನದು ಬರಿದಾದರೆ ಸ್ನಾನ ನಿಲ್ಲುತ್ತದೆ. ಕೊನೆಯದು ತುಂಬಿದರೆ ಪ್ರಯಾಣವೇ ನಿಲ್ಲುತ್ತದೆ. ಆಗ ಯಜಮಾನನು ಕೈಗವಸು ತೊಟ್ಟು, ದಪ್ಪ ಕೊಳವೆಯನ್ನು ಜೋಡಿಸಿ, ಮೊದಲು ಶೌಚದ ತೊಟ್ಟಿಯನ್ನೂ, ಅನಂತರ ಕೊಳವೆಯು ತೊಳೆದುಹೋಗಲೆಂದು ಸ್ನಾನದ ತೊಟ್ಟಿಯನ್ನೂ ಬರಿದುಮಾಡಬೇಕು. ಬ್ಯಾಂಕಿನಲ್ಲಿ ಮೇಲಧಿಕಾರಿಯಾಗಿದ್ದವನಿಗೂ ಇದರಿಂದ ಬಿಡುಗಡೆಯಿಲ್ಲ. ಮೈ ನೆನೆಸಿ ನಲ್ಲಿ ಮುಚ್ಚುವುದು, ಸಾಬೂನು ಹಚ್ಚಿ ಮತ್ತೆ ತೆರೆಯುವುದು ಒಂದು ವಾರದಲ್ಲಿ ಅಭ್ಯಾಸವಾಗುತ್ತದೆ. ಬಾವಿಯಿಂದ ಸೇದಿ ಬಳಸಿದ ಮನೆತನಗಳಿಗೆ ಈ ಪಾಠದಲ್ಲಿ ಹೊಸದೇನೂ ಕಾಣದಿರಬಹುದು. ಆದರೆ ನಲ್ಲಿ ಬಂದಮೇಲೆ ಮರೆತದ್ದನ್ನು ಮತ್ತೆ ಕಲಿಯುವುದು ಮೊದಲು ಕಲಿಯುವುದಕ್ಕಿಂತ ಕಠಿನ. ಆದರೂ ಈ ಮಿತವ್ಯಯವನ್ನು ಅತಿಯಾಗಿ ಹೊಗಳುವಂತಿಲ್ಲ. ನೀರನ್ನು ಚೆಂಬಿನಲ್ಲಿ ಅಳೆಯುವ ಈ ಮನೆಯೇ ಒಂದು ಗ್ಯಾಲನು ಪೆಟ್ರೋಲನ್ನು ಎಂಟು ಹತ್ತು ಮೈಲಿಗಳಲ್ಲಿ ಕುಡಿದುಬಿಡುತ್ತದೆ.

ಸ್ವಾತಂತ್ರ್ಯಕ್ಕಾಗಿ ಹೊರಟೆವೆಂದು ಇವರೆಲ್ಲರೂ ಹೇಳುತ್ತಾರೆ. ಆ ಮಾತು ಹಳೆಯದು. ಸ್ಕಾಟ್ಲೆಂಡಿನ ಗಾರ್ಡನ್ ಸ್ಟೇಬಲ್ಸ್ ಎಂಬ ನೌಕಾದಳದ ವೈದ್ಯರು 1885ರಲ್ಲಿ ಬ್ರಿಸ್ಟಲ್ಲಿನ ಕಾರ್ಖಾನೆಯೊಂದರಲ್ಲಿ ‘ವಾಂಡರರ್’ ಎಂಬ ಮನೆಬಂಡಿಯನ್ನು ಕಟ್ಟಿಸಿ, ಇಂಗ್ಲೆಂಡಿನ ದಕ್ಷಿಣದಿಂದ ಇನ್‌ವರ್ನೆಸ್ಸಿನವರೆಗೆ ಪಯಣಿಸಿದರು. ಬಂಡಿಯನ್ನೆಳೆಯಲು ಎರಡು ಕುದುರೆಗಳು, ಹೊಡೆಯಲು ಒಬ್ಬ ಸಾರಥಿ, ಉಪಚಾರಕ್ಕೊಬ್ಬ ಸೇವಕ. ಆ ಸೇವಕನು ಮೂರು ಗಾಲಿಯ ಸೈಕಲ್ಲಿನಲ್ಲಿ ಮುಂದೆ ಹೋಗಿ, ಎದುರಿಗೆ ಬರುವವರನ್ನು ಎಚ್ಚರಿಸುತ್ತಿದ್ದನು. ವೈದ್ಯರು ಸ್ವತಂತ್ರರಾಗಿದ್ದರು, ನಿಜ. ಅವರ ಸ್ವಾತಂತ್ರ್ಯವನ್ನು ಇಬ್ಬರು ಮನುಷ್ಯರೂ ಎರಡು ಮೃಗಗಳೂ ಹೊತ್ತಿದ್ದರು. ಈ ಕಾಲದ ಮೋಟಾರುಮನೆಯವನು ತಾನೇ ಯಜಮಾನ, ತಾನೇ ಸಾರಥಿ, ತಾನೇ ಸೇವಕ. ಇದರಲ್ಲಿ ಸುಖ ಕಡಿಮೆಯಿರಬಹುದು, ನ್ಯಾಯ ಹೆಚ್ಚಿದೆ.

ಹಾಗೆಂದು ಇವನನ್ನು ಪರಿವ್ರಾಜಕನೊಡನೆ ಹೋಲಿಸುವುದು ತಪ್ಪಾದೀತು. ಸಂನ್ಯಾಸಿಯು ಮನೆಯನ್ನು ಬಿಟ್ಟು ಹೊರಟನು. ಇವನು ಮನೆಯನ್ನು ಕಟ್ಟಿಕೊಂಡು ಹೊರಟನು. ಒಲೆ, ಹಾಸಿಗೆ, ಹೆಂಡತಿಯೊಡನೆ ಯಾವ ದಾರಿಯೆಂಬ ವಾದ, ಎಲ್ಲವೂ ಜೊತೆಗೇ ಉರುಳುತ್ತವೆ. ಇವನು ಗೃಹಸ್ಥನೇ, ಅಲುಗಾಡುವ ಗೃಹಸ್ಥ. ಗೃಹಸ್ಥನೆಂದಮೇಲೆ ಮನೆಯ ಮರ್ಯಾದೆಯೂ ಸಲ್ಲಬೇಕಲ್ಲವೆ?

ಪ್ರಶ್ನೆಯು ತೀಕ್ಷ್ಣವಾಗುವುದು ಇಲ್ಲಿಯೇ. ವಿನೋದಕ್ಕೆಂದು ಹೊರಟವನಿಗೆ ಊರಿನಲ್ಲಿ ಮತ್ತೊಂದು ಬಾಗಿಲಿದೆ. ಬಂಡಿಯೆಂದು ಕರೆದರೆ ಅವನಿಗೆ ನಷ್ಟವಿಲ್ಲ. ಆದರೆ 2008ರ ಆರ್ಥಿಕ ಕುಸಿತದ ಅನಂತರ ಮನೆ ಕಳೆದುಕೊಂಡೊ ಬಾಡಿಗೆ ತೆರಲಾರದೆಯೊ ಬಂಡಿಗಳಲ್ಲಿ ಬದುಕತೊಡಗಿದ ವೃದ್ಧರು ಅನೇಕರು. ಅಂಥವರೊಡನೆ ಸಂಚರಿಸಿ ಜೆಸಿಕಾ ಬ್ರೂಡರ್ ಅವರು 2017ರಲ್ಲಿ ಒಂದು ಗ್ರಂಥವನ್ನೇ ಬರೆದರು. ಋತುವಿಗೊಂದು ಕೂಲಿ, ಅರವತ್ತು ಎಪ್ಪತ್ತರ ವಯಸ್ಸಿನಲ್ಲಿ ಉಗ್ರಾಣಗಳಲ್ಲಿ ದುಡಿಮೆ. ಇವರಿಗೆ ಎರಡನೆಯ ಬಾಗಿಲಿಲ್ಲ. ಬೀದಿಯಲ್ಲಿ ನಿಲ್ಲಿಸಿದ ಬಂಡಿಯಲ್ಲಿ ಮಲಗಬಾರದೆಂದು ವಿಧಿಸಿದ ಊರುಗಳುಂಟು. ಸರಕಾರದ ಬಯಲುಗಳಲ್ಲಿಯೂ ಸಾಮಾನ್ಯವಾಗಿ ಹದಿನಾಲ್ಕು ದಿನಗಳ ಮೇಲೆ ನಿಲ್ಲುವಂತಿಲ್ಲ. ಹೋಗಬಲ್ಲದು ಎಂಬ ಕಾರಣಕ್ಕೆ ಮನೆಯಲ್ಲವೆಂದ ನಾಡೇ, ನಿಲ್ಲಬಾರದು ಎಂದೂ ವಿಧಿಸಿದರೆ, ಅದು ಎಂದಾದರೂ ಮನೆಯಾಗುವ ಬಗೆ ಯಾವುದು? ಬಾಗಿಲಿನ ಹಿಂದೆ ಮಲಗಿರುವವಳ ಲಜ್ಜೆಯೂ ಭಯವೂ ಬಾಗಿಲಿನ ಕೆಳಗೆ ಗಾಲಿಯಿದೆಯೆಂದು ಕುಂದುವುದಿಲ್ಲ. ಈ ವಿಷಯದಲ್ಲಿ ಆ ಮೂವರ ಮಾತೇ ಧರ್ಮಕ್ಕೆ ಹತ್ತಿರವೆಂದು ತೋರುತ್ತದೆ.

ಆದರೂ ತೆರಿಗೆಯವರ ಲಕ್ಷಣದಲ್ಲಿ ಒಂದು ಕೊರತೆಯಿದೆ; ಅದು ತಿಳಿಯುವುದು ಕಾಯಿಲೆ ಬಿದ್ದಾಗ. ಹಾಸಿಗೆ, ಒಲೆ, ಶೌಚ ಮೂರೂ ಜೊತೆಗೆ ಬರುತ್ತವೆ. ಪಕ್ಕದ ಮನೆಯವರು ಬರುವುದಿಲ್ಲ. ಅರಿಜೋನದ ಕ್ವಾರ್ಟ್‌ಸೈಟ್ ಎಂಬ ಮರುಭೂಮಿಯ ಊರಿನ ಸುತ್ತಲಿನ ಬಯಲಿಗೆ ಚಳಿಗಾಲದಲ್ಲಿ ಸಾವಿರಾರು ಬಂಡಿಗಳು ಬಂದು ನಿಲ್ಲುತ್ತವೆ. ಒಬ್ಬರ ಬ್ಯಾಟರಿ ಕೆಟ್ಟರೆ ಇನ್ನೊಬ್ಬರು ತಂತಿ ತರುತ್ತಾರೆ, ಸಂಜೆ ಒಂದೇ ಬೆಂಕಿಯ ಸುತ್ತ ಕೂಡುತ್ತಾರೆ. ಬಿಸಿಲೇರಿದಾಗ ಎಲ್ಲರೂ ಚದರುತ್ತಾರೆ. ನೆರೆಹೊರೆಯು ಇವರಿಗೆ ಬೇಡವಾಗಿರಲಿಲ್ಲವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

1978ರಲ್ಲಿ ಸ್ಥಾಪಿತವಾದ ‘ಎಸ್ಕೇಪೀಸ್’ ಎಂಬ ಇಂಥ ಪಯಣಿಗರ ಸಂಘವು ಟೆಕ್ಸಾಸಿನ ಲಿವಿಂಗ್‌ಸ್ಟನ್ ಎಂಬ ಊರಿನಲ್ಲಿ ನೆಲೆಯೂರಿತು. ಸದಸ್ಯರ ಕಾಗದಪತ್ರಗಳನ್ನು ಅಲ್ಲಿಗೆ ತರಿಸಿಕೊಂಡು, ಅವರಿದ್ದಲ್ಲಿಗೆ ಕಳುಹಿಸುವುದು ಅದರ ಕೆಲಸಗಳಲ್ಲೊಂದು. ಎಷ್ಟೇ ಅಲೆದರೂ ವಿಳಾಸವೊಂದು ಬೇಕೇ ಬೇಕು. ಕಾಲ ಕಳೆದಂತೆ ಸದಸ್ಯರಿಗೆ ವಯಸ್ಸಾಯಿತು. ಕೆಲವರ ಕಣ್ಣು ಮಂಜಾಯಿತು, ಕೆಲವರಿಗೆ ಸಂಗಾತಿ ತೀರಿಕೊಂಡರು. ಆಗ 1990ರ ದಶಕದಲ್ಲಿ ಸಂಘವು ಅದೇ ಊರಿನಲ್ಲಿ ಇನ್ನೊಂದು ವ್ಯವಸ್ಥೆ ಮಾಡಿತು. ಇನ್ನು ಓಡಿಸಲಾರದವರು ತಮ್ಮ ತಮ್ಮ ಮೋಟಾರುಮನೆಗಳನ್ನು ತಂದು ಸಾಲಾಗಿ ನಿಲ್ಲಿಸಿ, ಅವುಗಳಲ್ಲಿಯೇ ಇರುವಂತಾಯಿತು. ಊಟವನ್ನು ಒಂದೇ ಅಡಿಗೆಮನೆಯಿಂದ ಬಡಿಸಿದರು, ಹಗಲು ನೋಡಿಕೊಳ್ಳಲು ಉಪಚಾರಕರಿದ್ದರು. ಮಲಗುವುದು ಮಾತ್ರ ಪ್ರತಿಯೊಬ್ಬರೂ ತಮ್ಮ ತಮ್ಮ ಬಂಡಿಯಲ್ಲಿ.