ಮೊದಲ ಮಾತ್ರೆ ನುಂಗುವ ಮುನ್ನ

ನಿಮ್ಮ ಮಗಳಿಗೆ ಇಪ್ಪತ್ತು ವರ್ಷವೆಂದು ಇಟ್ಟುಕೊಳ್ಳಿ. ತಿಂಗಳ ಸ್ರಾವ ಹತ್ತು ಹನ್ನೆರಡು ದಿನವಾದರೂ ನಿಲ್ಲುವುದಿಲ್ಲ. ಮುಖ ಬಿಳುಚಿದೆ, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಡಾಕ್ಟರು ಪರೀಕ್ಷಿಸಿ ಚೀಟಿ ಬರೆಯುತ್ತಾರೆ. ಅಂಗಡಿಯವನು ಔಷಧಿಯನ್ನು ಕಾಗದದಲ್ಲಿ ಸುತ್ತಿ, ಗುಟ್ಟಿನ ವಸ್ತುವಿನಂತೆ ಕೈಗಿಡುತ್ತಾನೆ. ಮನೆಯಲ್ಲಿ ಬಿಚ್ಚಿ ನೋಡಿದರೆ ಗರ್ಭನಿರೋಧಕ ಮಾತ್ರೆ! ಎದೆ ಧಸಕ್ಕೆನ್ನುತ್ತದೆ. 'ಇದು ಪಾಪವಲ್ಲವೇ?' ಎಂಬುದು ಒಂದು ಪ್ರಶ್ನೆ, 'ಯಾರಾದರೂ ನೋಡಿದರೆ?' ಎಂಬುದು ಇನ್ನೊಂದು. ಅನೇಕ ಮನೆಗಳಲ್ಲಿ ಎರಡನೆಯದೇ ಮೊದಲು ಬರುತ್ತದೆಂದು ನನ್ನ ಅನುಮಾನ.

ಪಾಪದ ಪ್ರಶ್ನೆಗೆ ಉತ್ತರ 1968ರಿಂದಲೂ ಇದೆ. ಆ ವರ್ಷದ ಜುಲೈ 25ರ ದಿನಾಂಕವಿರುವ 'ಹ್ಯುಮಾನೆ ವೀತೆ' ಎಂಬ ವಿಶ್ವಪತ್ರದಲ್ಲಿ ಜಗದ್ಗುರು ಆರನೇ ಪೌಲರು ಕೃತಕ ಗರ್ಭನಿರೋಧವನ್ನು ಒಪ್ಪಲಿಲ್ಲ. ಇದು ಎಲ್ಲರಿಗೂ ಗೊತ್ತು. ಅದೇ ಪತ್ರದ 15ನೆಯ ಪರಿಚ್ಛೇದವನ್ನು ಓದಿದವರು ಕಡಿಮೆ. ದೇಹದ ರೋಗ ಗುಣಪಡಿಸಲು ಅಗತ್ಯವಾದ ಚಿಕಿತ್ಸೆಯಿಂದ ಗರ್ಭಧಾರಣೆಗೆ ತಡೆಯಾಗುತ್ತದೆಂದು ಮೊದಲೇ ತಿಳಿದಿದ್ದರೂ, ಆ ತಡೆಯೇ ಉದ್ದೇಶವಾಗಿರದಿದ್ದರೆ ಚಿಕಿತ್ಸೆ ನಿಷಿದ್ಧವಲ್ಲವೆಂದು ಅಲ್ಲಿ ಹೇಳಿದೆ. ಈ ಮಾತ್ರೆಗೆ ಅಮೆರಿಕದಲ್ಲಿ 1957ರಲ್ಲಿ ಮೊದಲ ಅನುಮತಿ ದೊರೆತದ್ದೂ ಮುಟ್ಟಿನ ತೊಂದರೆಗಳ ಔಷಧಿಯಾಗಿಯೇ. ಗರ್ಭನಿರೋಧಕ್ಕೆ ಅನುಮತಿ ಸಿಕ್ಕಿದ್ದು 1960ರಲ್ಲಿ.

ಆದ್ದರಿಂದ ನಿಮ್ಮ ಮಗಳು ಅದನ್ನು ದೇವರ ಪಟದ ಹಿಂದೆ ಬಚ್ಚಿಡಬೇಕಿಲ್ಲ. ಅಜ್ಜನ ಬಿ.ಪಿ. ಮಾತ್ರೆಯ ಪಕ್ಕದಲ್ಲೇ ಇಡಲಿ. ನಾಚಿಕೆಯಿಂದ ಡಾಕ್ಟರಿಗೆ ಹೇಳದೇ ಬಿಟ್ಟ ಮಾತುಗಳೇ ಹೆಚ್ಚು ಅಪಾಯ. ರಕ್ತದೊತ್ತಡ, ಕಣ್ಣ ಮುಂದೆ ಮಿಂಚು ಹೊಳೆದು ಬರುವ ಅರೆತಲೆನೋವು, ಮನೆತನದಲ್ಲಿ ಯಾರಿಗಾದರೂ ರಕ್ತ ಹೆಪ್ಪುಗಟ್ಟಿದ್ದು, ಕ್ಷಯಕ್ಕೆ ಅಥವಾ ಮೂರ್ಛೆರೋಗಕ್ಕೆ ತೆಗೆದುಕೊಳ್ಳುತ್ತಿರುವ ಔಷಧಿ, ಇವೆಲ್ಲವನ್ನೂ ಮೊದಲೇ ತಿಳಿಸಬೇಕು. ಮೊದಲ ಒಂದೆರಡು ತಿಂಗಳು ಓಕರಿಕೆ, ನಡುನಡುವೆ ರಕ್ತದ ಕಲೆ ಕಾಣಿಸಬಹುದು, ಗಾಬರಿ ಬೇಡ. ಒಂದು ಕಾಲಿನ ಮೀನಖಂಡದಲ್ಲಿ ನೋವು, ಊತ ಅಥವಾ ಎದೆನೋವು, ಉಸಿರಾಟದ ತೊಂದರೆ ಬಂದರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಓಡಬೇಕು.

ಇಲ್ಲಿಯವರೆಗೆ ಸುಲಭ. ಈಗ ಪಕ್ಕದ ಮನೆಗೆ ಬನ್ನಿ. ಅಲ್ಲಿನ ತಾಯಿಗೆ ಮೂರು ಸಿಸೇರಿಯನ್ ಆಗಿದೆ. ಇನ್ನೊಂದು ಬಸಿರು ಜೀವಕ್ಕೆ ಅಪಾಯವೆಂದು ಡಾಕ್ಟರು ಎಚ್ಚರಿಸಿದ್ದಾರೆ. ಆದರೆ ಇವತ್ತು ಅವಳಿಗೆ ರೋಗವೇನೂ ಇಲ್ಲ. ಅವಳು ಮಾತ್ರೆ ನುಂಗುವುದು ಬಸಿರಾಗಬಾರದೆಂದೇ. 15ನೆಯ ಪರಿಚ್ಛೇದದ ಬಾಗಿಲು ಅವಳಿಗೆ ತೆರೆಯುವುದಿಲ್ಲ. 'ಚಿಕಿತ್ಸೆ' ಎಂಬ ಪದವನ್ನು ಎಳೆದು ಹಿಗ್ಗಿಸಿ ಅವಳನ್ನು ಒಳಗೆ ಸೇರಿಸುವುದು ಪ್ರಾಮಾಣಿಕತೆಯಲ್ಲ. ಅವಳಿಗೆ ಧರ್ಮಸಭೆ ತೋರಿಸುವುದು ಫಲವತ್ತಾದ ದಿನಗಳನ್ನು ಗುರುತಿಸಿ ಸಂಯಮದಿಂದಿರುವ ಸಹಜ ಕ್ರಮವನ್ನು. ಆಸ್ಟ್ರೇಲಿಯದ ಡಾಕ್ಟರ್ ದಂಪತಿ ಜಾನ್ ಮತ್ತು ಎವಲಿನ್ ಬಿಲ್ಲಿಂಗ್ಸ್ ರೂಪಿಸಿದ ವಿಧಾನದ ಹೆಸರನ್ನು ವಿವಾಹ ಸಿದ್ಧತಾ ಶಿಬಿರಗಳಲ್ಲಿ ನೀವೂ ಕೇಳಿರಬಹುದು.

ಅದು ಕೆಲಸ ಮಾಡುವ ಮನೆಗಳಿವೆ, ಸುಳ್ಳಲ್ಲ. ಅಂಥ ಮನೆಗಳಲ್ಲಿ ಲೆಕ್ಕ ಬರೆದಿಡುವ ಹೆಂಡತಿಯಷ್ಟೇ ಲೆಕ್ಕವನ್ನು ಗೌರವಿಸುವ ಗಂಡನೂ ಇರುತ್ತಾನೆ. ಆದರೆ ರಾತ್ರಿ ಕುಡಿದು ಬಂದು ಬಾಗಿಲು ತಟ್ಟುವವನಿಗೆ ಯಾವ ದಿನವಾದರೇನು? ಆ ಮನೆಯ ಹೆಂಗಸು ಯಾರಿಗೂ ಹೇಳದೆ ಆರೋಗ್ಯ ಕೇಂದ್ರದಿಂದ ಮಾಲಾ-ಎನ್ ತಂದು, ಅಕ್ಕಿ ಡಬ್ಬದಲ್ಲಿ ಅಡಗಿಸಿ, ಮೊದಲ ಮಾತ್ರೆಯನ್ನು ನುಂಗುತ್ತಾಳೆ. ಮರುವಾರ ಪರಮಪ್ರಸಾದದ ಸಾಲಿಗೆ ಬರದೆ ಹಿಂದಿನ ಬೆಂಚಿನಲ್ಲೇ ಉಳಿಯುತ್ತಾಳೆ. ಗಂಡ ನಿರಾತಂಕವಾಗಿ ಎದ್ದು ಸಾಲಿನಲ್ಲಿ ನಿಲ್ಲುತ್ತಾನೆ.

ಈ ದೃಶ್ಯ ನನಗೆ ಒಪ್ಪಿಗೆಯಾಗುವುದಿಲ್ಲ. ಬೋಧನೆಯನ್ನು ಅಳಿಸಿಹಾಕಿ ಎನ್ನುತ್ತಿಲ್ಲ. ಆದರೆ ಭಯ, ಬಲವಂತಗಳು ಮನುಷ್ಯನ ಹೊಣೆಯನ್ನು ಕಡಿಮೆ ಮಾಡಬಲ್ಲವು, ಇಲ್ಲವಾಗಿಸಲೂಬಲ್ಲವು ಎಂದು 1992ರ ಕಥೋಲಿಕ ಧರ್ಮೋಪದೇಶ ಗ್ರಂಥದ 1735ನೆಯ ಪರಿಚ್ಛೇದವೂ ಹೇಳುತ್ತದೆ. ಅದನ್ನು ಅವಳಿಗೆ ಯಾರು ಓದಿ ಹೇಳಿದ್ದಾರೆ? ಪಾಪನಿವೇದನೆಯಲ್ಲಿ ಅವಳು ಮಾತ್ರೆಯ ಜೊತೆಗೆ ಆ ರಾತ್ರಿಗಳನ್ನೂ ಹೇಳಲಿ. ಕೇಳುವ ಗುರುಗಳಿಗೆ ಪೂರ್ತಿ ಚಿತ್ರ ಸಿಗುವುದು ಆಗಲೇ. ಮಗ್ಗುಲಲ್ಲಿ ಕೂತು ಅವಳತ್ತ ಓರೆನೋಟ ಬೀರುವ ನಮಗಂತೂ ಅದು ಎಂದೂ ಸಿಗುವುದಿಲ್ಲ.

ಗಂಡಂದಿರಿಗೆ ಒಂದು ಮಾತು. ಹೆರಿಗೆ ಡಾಕ್ಟರ ಕೊಠಡಿಯ ಹೊರಗಿನ ಬೆಂಚಿನಲ್ಲಿ ನೀವು ಪೇಪರು ಓದುತ್ತಾ ಕೂತಿರುತ್ತೀರಿ, ಒಳಗೆ ಅವಳೊಬ್ಬಳೇ. ಇನ್ನೊಂದು ಬಸಿರು ಬೇಡವೆಂದು ಡಾಕ್ಟರು ಹೇಳಿದ ಮಾತನ್ನು ಬಸ್ಸಿನ ಗದ್ದಲದಲ್ಲಿ ಅವಳೇ ತಗ್ಗಿದ ದನಿಯಲ್ಲಿ ಅರ್ಧಂಬರ್ಧ ಹೇಳಬೇಕು. ಮುಂದಿನ ಸಲ ಎದ್ದು ಒಳಗೆ ಹೋಗಿ.